ಇನ್‌ಸ್ಟಾಲ್ ಮಾಡುವ ಮುನ್ನ: ಸಾಫ್ಟ್‌ವೇರ್ ಫೈಲಿನ ಡಿಜಿಟಲ್ ಸಹಿಯನ್ನು ಓದುವ ಕ್ರಮ

ಮಂಗಳೂರು, ಉಡುಪಿಯ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಟೆಂಡರು ಹಾಕುವ ಗುತ್ತಿಗೆದಾರರ ಮೇಜಿನ ಮೇಲೆ ಪೆನ್‌ಡ್ರೈವಿನಂತೆ ಕಾಣುವ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಟೋಕನ್ ಈಗ ಸಾಮಾನ್ಯ ವಸ್ತು. ಜಿಎಸ್‌ಟಿ ರಿಟರ್ನಿಗೋ ಕಂಪನಿಯ ವಾರ್ಷಿಕ ಲೆಕ್ಕಪತ್ರಕ್ಕೋ ಅದರಿಂದ ಸಹಿ ಹಾಕುವುದು ಅಲ್ಲಿನ ಸಿಬ್ಬಂದಿಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಅದೇ ಟೋಕನ್ನಿನ ಡ್ರೈವರನ್ನು, ಅಂದರೆ ಅದು ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರನ್ನು, ಹೊಸ ಕಂಪ್ಯೂಟರಿಗೆ ಹಾಕುವಾಗ ಆ ಡ್ರೈವರಿನ ಫೈಲಿಗೂ ಅದನ್ನು ತಯಾರಿಸಿದವರ ಸಹಿ ಇರುತ್ತದೆ ಎಂಬುದು, ಆ ಸಹಿ ಯಾರದ್ದೆಂದು ಒಂದೆರಡು ನಿಮಿಷದಲ್ಲಿ ನೋಡಿ ತಿಳಿಯಬಹುದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಟೋಕನ್ ಮಾರಿದವರ ಜಾಲತಾಣದ ವಿಳಾಸ ನೆನಪಿಲ್ಲದೆ ಹುಡುಕುತಾಣದಲ್ಲಿ ಡ್ರೈವರಿನ ಹೆಸರು ಟೈಪಿಸಿ, ಮೊದಲು ಬಂದ ಕೊಂಡಿಯನ್ನು ಒತ್ತಿ, ಇಳಿದುಬಂದ ಫೈಲನ್ನು ಹಾಗೆಯೇ ತೆರೆಯುವುದು ರೂಢಿಯಾಗಿದೆ. ಸಂಸ್ಥೆಯ ಹಣಕಾಸಿನ ಕೀಲಿಕೈಯೇ ಇರುವ ಕಂಪ್ಯೂಟರಿನಲ್ಲಿ ಹೀಗೆ ಮಾಡುವುದು ಸಣ್ಣ ಅಪಾಯವಲ್ಲ. ಈ ಬರಹ ಮುಖ್ಯವಾಗಿ ವಿಂಡೋಸ್ 10 ಮತ್ತು 11 ಬಳಸುವವರಿಗಾಗಿ. ಕೊನೆಯ ಭಾಗದಲ್ಲಿ ಮೊಬೈಲಿಗೆ ಆ್ಯಪ್ ಹಾಕುವ ಎಪಿಕೆ ಫೈಲುಗಳ ಬಗ್ಗೆಯೂ ಹೇಳಿದ್ದೇನೆ.

ಸಹಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಸಾಫ್ಟ್‌ವೇರ್ ಪ್ರಕಾಶಕರು ತಮ್ಮ ಫೈಲನ್ನು ಸಿದ್ಧಪಡಿಸಿದ ಮೇಲೆ ಅದರ ಒಟ್ಟು ದತ್ತಾಂಶದಿಂದ ಹ್ಯಾಶ್ ಎಂಬ ಒಂದು ಮೌಲ್ಯವನ್ನು ಲೆಕ್ಕಹಾಕುತ್ತಾರೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆ ಹ್ಯಾಶಿಗೆ ತಮ್ಮ ಖಾಸಗಿ ಕೀಲಿಯಿಂದ (ತಮ್ಮಲ್ಲಿ ಮಾತ್ರ ಗುಟ್ಟಾಗಿರುವ ಸಂಖ್ಯೆಯಿಂದ) ಸಹಿ ಹಾಕಿ, ಆ ಕೀಲಿ ಯಾರದ್ದೆಂದು ಸಾರುವ ಪ್ರಮಾಣಪತ್ರವನ್ನೂ ಫೈಲಿನೊಳಗೇ ಸೇರಿಸುತ್ತಾರೆ. ಈ ಪ್ರಮಾಣಪತ್ರವನ್ನು ಕೊಡುವುದು ಡಿಜಿಸರ್ಟ್, ಗ್ಲೋಬಲ್‌ಸೈನ್, ಸೆಕ್ಟಿಗೊ ಮೊದಲಾದ ಪ್ರಮಾಣೀಕರಣ ಸಂಸ್ಥೆಗಳು. ವಿಂಡೋಸಿನಲ್ಲಿ ಈ ವ್ಯವಸ್ಥೆಗೆ ಆಥೆಂಟಿಕೋಡ್ ಎಂದು ಹೆಸರು. 1996ರಿಂದಲೂ ಇದು ಬಳಕೆಯಲ್ಲಿದೆ. ನಿಮ್ಮ ಡಿಎಸ್‌ಸಿಯ ಹಿಂದಿರುವ ಗಣಿತವೂ ಇದೇ, ಆದರೆ ಉದ್ದೇಶ ಬೇರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆಗಳಿಂದ ನೀವು ಪಡೆಯುವ ಡಿಎಸ್‌ಸಿ ದಾಖಲೆಗಳಿಗೆ ಸಹಿ ಹಾಕಲು. ಇಲ್ಲಿ ಹೇಳುತ್ತಿರುವುದು ಪ್ರೋಗ್ರಾಮುಗಳಿಗೆ ಹಾಕುವ ಸಹಿ.

ಅಡವಿಟ್ಟ ಚಿನ್ನವನ್ನು ಸೊಸೈಟಿಯವರು ಪೊಟ್ಟಣದಲ್ಲಿಟ್ಟು ಅರಗಿನ ಮುದ್ರೆ ಒತ್ತುತ್ತಾರಲ್ಲ, ಆ ಮುದ್ರೆ ಎರಡೇ ಸಂಗತಿಗಳನ್ನು ಹೇಳುತ್ತದೆ: ಕಟ್ಟಿದವರು ಯಾರು ಎಂಬುದನ್ನು, ಕಟ್ಟಿದ ಮೇಲೆ ಯಾರೂ ಬಿಚ್ಚಿಲ್ಲ ಎಂಬುದನ್ನು. ಒಳಗಿನ ಚಿನ್ನ ಅಪ್ಪಟವೋ ಅಲ್ಲವೋ ಎಂಬುದನ್ನು ಮುದ್ರೆ ಹೇಳದು. ಫೈಲಿನ ಸಹಿಯ ವ್ಯಾಪ್ತಿಯೂ ಅಷ್ಟೇ. ಆದ್ದರಿಂದ ಸಹಿ ಇದೆಯೇ ಎಂದು ನೋಡಿ ನಿಲ್ಲಿಸಿದರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಸಹಿಯಲ್ಲಿರುವ ಹೆಸರನ್ನು ಓದಿ, ಅದು ನೀವು ನಿರೀಕ್ಷಿಸಿದ ಹೆಸರೇ ಎಂದು ತಾಳೆ ನೋಡುವುದೇ ಈ ಪರಿಶೀಲನೆಯ ತಿರುಳು.

ಮೊದಲ ಹೆಜ್ಜೆ: ತೆರೆಯದೆ ಉಳಿಸಿಕೊಳ್ಳಿ

ಬ್ರೌಸರಿನಲ್ಲಿ ಫೈಲು ಇಳಿದ ಕೂಡಲೇ 'ಓಪನ್' ಒತ್ತಬೇಡಿ. ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ಫೈಲು ಎಲ್ಲಿದೆ ಎಂದು ನೋಡಿ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಹೆಸರಿನ ಕೊನೆಯ ಭಾಗವನ್ನು, ಅಂದರೆ ಎಕ್ಸ್‌ಟೆನ್ಶನ್ನನ್ನು, ಅಡಗಿಸಿಡುತ್ತದೆ. ವಿಂಡೋಸ್ 11ರಲ್ಲಿ ಫೋಲ್ಡರಿನ ಮೇಲುಭಾಗದ 'ವ್ಯೂ' ಒತ್ತಿ, 'ಶೋ' ಎಂಬಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆಯ್ಕೆ ಮಾಡಿದರೆ ಅದು ಕಾಣುತ್ತದೆ. ಪಿಡಿಎಫ್ ಚಿತ್ರ ಹೊತ್ತು, ಹೆಸರಿನ ನಡುವೆ ಪಿಡಿಎಫ್ ಎಂದಿದ್ದು, ಕೊನೆಯಲ್ಲಿ ಮಾತ್ರ ಇಎಕ್ಸ್‌ಇ (ಅಂದರೆ ಪ್ರೋಗ್ರಾಮು) ಎಂದು ಮುಗಿಯುವ ಫೈಲು ಇಲ್ಲಿಯೇ ಸಿಕ್ಕಿಬೀಳುತ್ತದೆ. ಅದರ ಸಹಿ ನೋಡುವ ಅಗತ್ಯವೇ ಇಲ್ಲ, ಅಳಿಸಿಬಿಡಿ.

ಬಂದದ್ದು ಜಿಪ್ ಫೈಲಾಗಿದ್ದರೆ ಮೊದಲು ಒಂದು ಖಾಲಿ ಫೋಲ್ಡರಿಗೆ ಬಿಚ್ಚಿಕೊಳ್ಳಿ. ಆಥೆಂಟಿಕೋಡ್ ಸಹಿ ಇಎಕ್ಸ್‌ಇ, ಎಂಎಸ್‌ಐ, ಡಿಎಲ್‌ಎಲ್ (ಪ್ರೋಗ್ರಾಮು ಬಳಸುವ ಸಹಾಯಕ ಫೈಲು) ಮೊದಲಾದ ಫೈಲುಗಳಿಗೆ ಇರುತ್ತದೆಯೇ ಹೊರತು ಜಿಪ್ಪಿಗೆ ಇರುವುದಿಲ್ಲ. ಬ್ಯಾಟ್ ಫೈಲುಗಳಿಗೂ ಇಂಥ ಸಹಿಯ ಅವಕಾಶವಿಲ್ಲ.

ಎರಡನೆಯ ಹೆಜ್ಜೆ: ಸಹಿಯ ಪುಟವನ್ನು ತೆರೆಯಿರಿ

ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ಆರಿಸಿ. ಇದರಿಂದ ಪ್ರೋಗ್ರಾಮು ಚಾಲನೆಯಾಗುವುದಿಲ್ಲ, ಭಯ ಬೇಡ. ಮೇಲಿನ ಸಾಲಿನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಟ್ಯಾಬ್ ಇದ್ದರೆ ಅದನ್ನು ಒತ್ತಿ. ಅಲ್ಲಿ ಸಹಿ ಹಾಕಿದವರ ಹೆಸರು, ಹ್ಯಾಶಿನ ವಿಧಾನ, ಸಮಯಮುದ್ರೆ ಎಂಬ ಮೂರು ಅಂಕಣಗಳ ಪಟ್ಟಿ ಕಾಣುತ್ತದೆ. ಕೆಲವು ಫೈಲುಗಳಲ್ಲಿ ಎರಡು ಸಾಲುಗಳಿರುತ್ತವೆ, ಒಂದು ಶಾ-1, ಇನ್ನೊಂದು ಶಾ-256. ಹಳೆಯ ವಿಂಡೋಸಿಗೂ ಹೊಂದಲಿ ಎಂದು ಹೀಗೆ ಎರಡು ಸಹಿ ಹಾಕುತ್ತಿದ್ದರು. ನೋಡಬೇಕಾದದ್ದು ಶಾ-256 ಇರುವುದನ್ನು.

ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಪಟ್ಟಿ ಸಹಿಯನ್ನು ಪರಿಶೀಲಿಸಿದ ಫಲಿತಾಂಶವಲ್ಲ. ಫೈಲಿನಲ್ಲಿ ಅಂಟಿಕೊಂಡಿರುವ ಹೆಸರನ್ನು ಅದು ತೋರಿಸುತ್ತದೆ, ಅಷ್ಟೇ. ಅಸಲಿ ಫೈಲನ್ನು ತಿದ್ದಿ ಕೆಡಿಸಿದ್ದರೂ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಸಾಲನ್ನು ಆಯ್ಕೆ ಮಾಡಿ 'ಡೀಟೇಲ್ಸ್' ಒತ್ತಲೇಬೇಕು. ಆಗ ತೆರೆಯುವ ಕಿಟಕಿಯ ಮೇಲುಭಾಗದಲ್ಲಿ 'ದಿಸ್ ಡಿಜಿಟಲ್ ಸಿಗ್ನೇಚರ್ ಈಸ್ ಓಕೆ' ಎಂದಿದ್ದರೆ ಮಾತ್ರ ವಿಂಡೋಸ್ ಹ್ಯಾಶನ್ನು ಹೊಸದಾಗಿ ಲೆಕ್ಕಹಾಕಿ ಒಪ್ಪಿಕೊಂಡಿದೆ ಎಂದರ್ಥ.

ಇದೇ ಪ್ರಾಪರ್ಟೀಸ್ ಕಿಟಕಿಯಲ್ಲಿ 'ಡೀಟೇಲ್ಸ್' ಎಂಬ ಟ್ಯಾಬ್ ಕೂಡ ಇದೆ. ಅದು ಬೇರೆ. ಅಲ್ಲಿ ಉತ್ಪನ್ನದ ಹೆಸರು, ಕಾಪಿರೈಟ್ ಇತ್ಯಾದಿಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಅವೆಲ್ಲ ಫೈಲು ತಯಾರಿಸಿದವರು ತಮಗಿಷ್ಟ ಬಂದಂತೆ ಬರೆಯಬಹುದಾದ ಅಕ್ಷರಗಳು. ಅಲ್ಲಿ 'ಮೈಕ್ರೋಸಾಫ್ಟ್ ಕಾರ್ಪೊರೇಷನ್' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಫೈಲಿನ ಚಿತ್ರವೂ ಅಷ್ಟೇ. ಇವೆರಡನ್ನು ನಂಬಿ ಮೋಸಹೋದವರು ಬಹಳ, ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೂರನೆಯ ಹೆಜ್ಜೆ: ಪ್ರಮಾಣಪತ್ರವನ್ನು ಓದಿ, ಹೆಸರನ್ನು ತಾಳೆ ನೋಡಿ

ಸಹಿಯ ವಿವರದ ಕಿಟಕಿಯಲ್ಲಿ 'ವ್ಯೂ ಸರ್ಟಿಫಿಕೇಟ್' ಒತ್ತಿದರೆ ಪ್ರಮಾಣಪತ್ರ ತೆರೆಯುತ್ತದೆ. 'ಇಶ್ಯೂಡ್ ಟು' ಎಂಬುದರ ಮುಂದೆ ಇರುವುದು ಪ್ರಕಾಶಕರ ಹೆಸರು, 'ಇಶ್ಯೂಡ್ ಬೈ' ಮುಂದೆ ಇರುವುದು ಪ್ರಮಾಣೀಕರಿಸಿದ ಸಂಸ್ಥೆ. ಒಳಗಿನ 'ಡೀಟೇಲ್ಸ್' ಟ್ಯಾಬಿನಲ್ಲಿ 'ಸಬ್ಜೆಕ್ಟ್' ಎಂಬ ಸಾಲನ್ನು ಒತ್ತಿದರೆ ಸಂಸ್ಥೆಯ ಪೂರ್ಣ ಹೆಸರು, ಊರು, ರಾಜ್ಯ, ದೇಶ ಕಾಣುತ್ತವೆ. 'ಸರ್ಟಿಫಿಕೇಷನ್ ಪಾತ್' ಟ್ಯಾಬಿನಲ್ಲಿ ಮೂಲ ಪ್ರಮಾಣೀಕರಣ ಸಂಸ್ಥೆಯಿಂದ ಪ್ರಕಾಶಕರವರೆಗಿನ ಸರಪಳಿ ಮೇಲಿಂದ ಕೆಳಕ್ಕೆ ಇರುತ್ತದೆ. ಅದರಲ್ಲಿ ಎಲ್ಲಿಯೂ ಕೆಂಪು ಗುರುತು ಇರಬಾರದು.

ಹೆಸರನ್ನು ತಾಳೆ ನೋಡುವಾಗ ಒಂದು ತೊಡಕು ಎದುರಾಗುತ್ತದೆ. ಸಾಫ್ಟ್‌ವೇರಿನ ಹೆಸರೂ ಸಹಿಯ ಹೆಸರೂ ಒಂದೇ ಇರಬೇಕೆಂದಿಲ್ಲ. ಫೈರ್‌ಫಾಕ್ಸಿಗೆ ಸಹಿ ಹಾಕುವುದು ಮೊಜಿಲ್ಲಾ ಕಾರ್ಪೊರೇಷನ್, ವಿಎಲ್‌ಸಿಗೆ ವಿಡಿಯೊಲ್ಯಾನ್, ಲಿಬ್ರೆ ಆಫೀಸಿಗೆ ದಿ ಡಾಕ್ಯುಮೆಂಟ್ ಫೌಂಡೇಶನ್, ಕ್ರೋಮಿಗೆ ಗೂಗಲ್ ಎಲ್‌ಎಲ್‌ಸಿ. ಹಳೆಯ ಕ್ರೋಮ್ ಫೈಲುಗಳಲ್ಲಿ ಗೂಗಲ್ ಇಂಕ್ ಎಂದಿರುತ್ತದೆ, ಏಕೆಂದರೆ ಕಂಪನಿಯ ಸ್ವರೂಪ 2017ರಲ್ಲಿ ಬದಲಾಯಿತು. ಡಿಎಸ್‌ಸಿ ಟೋಕನ್ನಿನ ಡ್ರೈವರಿನಲ್ಲಿ ನಿಮಗೆ ಡಿಎಸ್‌ಸಿ ಕೊಟ್ಟ ಸಂಸ್ಥೆಯ ಹೆಸರಿನ ಬದಲು ಟೋಕನ್ ತಯಾರಿಸಿದ ಕಂಪನಿಯ ಹೆಸರು ಕಾಣಬಹುದು, ಅದರಲ್ಲಿ ತಪ್ಪೇನಿಲ್ಲ.

ಹಾಗಾದರೆ ಯಾವ ಹೆಸರು ಸರಿಯೆಂದು ತಿಳಿಯುವುದು ಹೇಗೆ? ನನ್ನ ದೃಷ್ಟಿಯಲ್ಲಿ ಅತ್ಯಂತ ಭರವಸೆಯ ದಾರಿ ನಿಮ್ಮ ಕಚೇರಿಯಲ್ಲೇ ಇದೆ. ಅದೇ ಸಾಫ್ಟ್‌ವೇರಿನ ಹಿಂದಿನ ಆವೃತ್ತಿ ಯಾವುದಾದರೂ ಕಂಪ್ಯೂಟರಿನಲ್ಲಿ ವರ್ಷಗಳಿಂದ ತೊಂದರೆಯಿಲ್ಲದೆ ನಡೆಯುತ್ತಿದ್ದರೆ ಅದರ 'ಪ್ರೋಗ್ರಾಮ್ ಫೈಲ್ಸ್' ಫೋಲ್ಡರಿಗೆ ಹೋಗಿ, ಅಲ್ಲಿರುವ ಮುಖ್ಯ ಫೈಲಿನ ಸಹಿಯನ್ನು ಇದೇ ಕ್ರಮದಲ್ಲಿ ತೆರೆದು, ಎರಡೂ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಹೆಸರು ಬದಲಾಗಿದ್ದರೆ ಪ್ರಕಾಶಕರ ಅಧಿಕೃತ ಜಾಲತಾಣದಲ್ಲಿ ಕಾರಣ ಹುಡುಕಿ. ಉದಾಹರಣೆಗೆ ದೂರನಿಯಂತ್ರಣದ ಸಾಫ್ಟ್‌ವೇರ್ ತಯಾರಿಸುವ ಎನಿಡೆಸ್ಕ್ ಕಂಪನಿಯ ವ್ಯವಸ್ಥೆಗೆ ದಾಳಿಯಾದದ್ದು 2024ರ ಫೆಬ್ರವರಿಯಲ್ಲಿ ಬಹಿರಂಗವಾದಾಗ ಅವರು ಹಳೆಯ ಪ್ರಮಾಣಪತ್ರವನ್ನು ಕೈಬಿಟ್ಟು ಹೊಸದನ್ನು ಬಳಸತೊಡಗಿದರು. ಅದುವರೆಗೆ ಫಿಲಾಂಡ್ರೊ ಸಾಫ್ಟ್‌ವೇರ್ ಜಿಎಂಬಿಎಚ್ ಎಂದಿದ್ದ ಸಹಿಯ ಹೆಸರು ಎನಿಡೆಸ್ಕ್ ಸಾಫ್ಟ್‌ವೇರ್ ಜಿಎಂಬಿಎಚ್ ಎಂದಾಯಿತು. ಇಂಥ ಬದಲಾವಣೆಗೆ ಕಂಪನಿಯೇ ಸಾರ್ವಜನಿಕವಾಗಿ ಕಾರಣ ಕೊಟ್ಟಿರುತ್ತದೆ.

ಅನುಮಾನ ಪಡಬೇಕಾದದ್ದು ಬೇರೆ ಬಗೆಯ ಹೆಸರಿಗೆ. ಲೆಕ್ಕಪತ್ರದ ಸಾಫ್ಟ್‌ವೇರಿನ ಅಪ್‌ಡೇಟ್ ಎಂದು ಬಂದ ಫೈಲಿನ ಸಹಿಯಲ್ಲಿ ಯಾವುದೋ ದೇಶದ, ಸಂಬಂಧವೇ ಇಲ್ಲದ ಟ್ರೇಡಿಂಗ್ ಕಂಪನಿಯ ಹೆಸರಿದ್ದರೆ, ಮೇಲೆ 'ಓಕೆ' ಎಂದಿದ್ದರೂ ಆ ಫೈಲು ಬೇಡ. ದುಷ್ಕರ್ಮಿಗಳು ನಾಮಮಾತ್ರದ ಕಂಪನಿ ಮಾಡಿ ಅದರ ಹೆಸರಿನಲ್ಲಿ ಪ್ರಮಾಣಪತ್ರ ಕೊಳ್ಳುವುದೂ ಉಂಟು, ಬೇರೆಯವರದ್ದನ್ನು ಕದಿಯುವುದೂ ಉಂಟು. ಸಹಿ ಹಾಕಿದವರು ಭಾರತದ ಕಂಪನಿಯಾಗಿದ್ದರೆ ಅದರ ನೋಂದಣಿಯ ವಿವರವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಲೆಕ್ಕಪರಿಶೋಧಕರ ಕಚೇರಿಯವರಿಗೆ ಇದು ದಿನನಿತ್ಯದ ಕೆಲಸವೇ.

ನಾಲ್ಕನೆಯ ಹೆಜ್ಜೆ: ಸಮಯಮುದ್ರೆ

ಪ್ರಮಾಣಪತ್ರದ ಅವಧಿ ಮುಗಿದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಹಿಯ ವಿವರದ ಕಿಟಕಿಯ ಕೆಳಭಾಗದಲ್ಲಿ 'ಕೌಂಟರ್ ಸಿಗ್ನೇಚರ್ಸ್' ಎಂಬಲ್ಲಿ ಸಹಿ ಹಾಕಿದ ದಿನಾಂಕವನ್ನು ಮೂರನೆಯ ಸಂಸ್ಥೆಯೊಂದು ದೃಢಪಡಿಸಿರುತ್ತದೆ. ಆ ದಿನ ಪ್ರಮಾಣಪತ್ರ ಜಾರಿಯಲ್ಲಿದ್ದರೆ ಸಹಿ ಇಂದಿಗೂ ಊರ್ಜಿತ. ಮೈಕ್ರೋಸಾಫ್ಟಿನ ಸಹಿ ಸೇವೆಯಲ್ಲಿ ಕೊಡುವ ಪ್ರಮಾಣಪತ್ರಗಳ ಆಯುಷ್ಯ ಮೂರೇ ದಿನ. ಸಮಯಮುದ್ರೆ ಇಲ್ಲದಿದ್ದರೆ ಅಂಥ ಸಹಿಗಳೆಲ್ಲ ವಾರದೊಳಗೆ ವ್ಯರ್ಥವಾಗುತ್ತಿದ್ದವು.

ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಒಳ್ಳೆಯ ಸಹಿಯೂ ತಪ್ಪೆಂದು ಕಾಣುತ್ತದೆ. ಮೊದಲು ಪರದೆಯ ಮೂಲೆಯ ದಿನಾಂಕವನ್ನು ಸರಿಪಡಿಸಿ. ಪರಿಶೀಲನೆಯ ವೇಳೆ ಇಂಟರ್ನೆಟ್ ಸಂಪರ್ಕವೂ ಇರಲಿ. ಕಳುವಾದ ಪ್ರಮಾಣಪತ್ರವನ್ನು ಪ್ರಮಾಣೀಕರಣ ಸಂಸ್ಥೆ ರದ್ದುಪಡಿಸಿದ್ದರೆ ಆ ಸುದ್ದಿ ನಿಮ್ಮ ಕಂಪ್ಯೂಟರಿಗೆ ಮುಟ್ಟುವುದು ಸಂಪರ್ಕ ಇದ್ದಾಗಲೇ.

ಸಹಿ ಸರಿಯಿಲ್ಲ ಎಂದು ಬಂದರೆ

ಇಲ್ಲಿ ಕಾರಣವನ್ನು ಬಿಡಿಸಿ ನೋಡಬೇಕು. ಪ್ರಮಾಣಪತ್ರ ರದ್ದಾಗಿದೆ ಎಂಬ ಸಂದೇಶ ಬಂದರೆ ಮುಂದಿನ ಮಾತಿಲ್ಲ, ಫೈಲನ್ನು ಅಳಿಸಿ. ಸಹಿ ಊರ್ಜಿತವಲ್ಲ ಎಂದು ಬಂದರೆ, ಅಂದರೆ ಹ್ಯಾಶ್ ಹೊಂದದಿದ್ದರೆ, ಫೈಲನ್ನು ಯಾರಾದರೂ ತಿದ್ದಿರಬಹುದು, ಅಥವಾ ಅದು ಇಳಿಯುವಾಗ ಕೆಟ್ಟಿರಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎರಡನೆಯದೇನೂ ಅಪರೂಪವಲ್ಲ: ಗುಡುಗು ಬಂದು ಕರೆಂಟ್ ಹೋಗುತ್ತದೆ, ರೂಟರ್ ಆರುತ್ತದೆ, ಫೈಲು ಮುಕ್ಕಾಲು ಪಾಲು ಇಳಿದು ನಿಲ್ಲುತ್ತದೆ. ಇಎಕ್ಸ್‌ಇ ಫೈಲಿನಲ್ಲಿ ಸಹಿ ಇರುವುದು ಸಾಮಾನ್ಯವಾಗಿ ತೀರಾ ಕೊನೆಯಲ್ಲಿ. ಹಾಗಾಗಿ ತುದಿ ಕಡಿದುಹೋದ ಫೈಲಿನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬೇ ಕಾಣದಿರುವುದೂ ಇದೆ. ಪ್ರಕಾಶಕರ ಪುಟದಲ್ಲಿ ಹೇಳಿದ ಗಾತ್ರಕ್ಕೂ ನಿಮ್ಮ ಫೈಲಿನ ಗಾತ್ರಕ್ಕೂ ವ್ಯತ್ಯಾಸವಿದೆಯೇ ನೋಡಿ, ಆ ಫೈಲನ್ನು ಅಳಿಸಿ, ಅಧಿಕೃತ ತಾಣದಿಂದ ಇನ್ನೊಮ್ಮೆ ಇಳಿಸಿಕೊಳ್ಳಿ. ಎರಡನೆಯ ಸಲವೂ ಗಾತ್ರ ಸರಿಯಿದ್ದು ಸಹಿ ಮಾತ್ರ ಕೆಟ್ಟಿದ್ದರೆ ಬಳಸಬೇಡಿ.

ಮೂಲ ಪ್ರಮಾಣಪತ್ರ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂಬ ಸಂದೇಶವೂ ಬರಬಹುದು. ಆಗ ಕೆಲವರು 'ಆ ಪ್ರಮಾಣಪತ್ರವನ್ನು ಟ್ರಸ್ಟೆಡ್ ರೂಟಿಗೆ ಸೇರಿಸಿ, ಸರಿಯಾಗುತ್ತದೆ' ಎಂದು ಸಲಹೆ ಕೊಡುತ್ತಾರೆ. ಸರಿಯಾಗುವುದು ಎಚ್ಚರಿಕೆಯ ಸಂದೇಶ ಮಾತ್ರ. ಒಮ್ಮೆ ಸೇರಿಸಿದರೆ ಆ ಕೀಲಿ ಯಾರ ಕೈಯಲ್ಲಿದೆಯೋ ಅವರು ಸಹಿ ಹಾಕಿದ್ದನ್ನೆಲ್ಲ ನಿಮ್ಮ ಕಂಪ್ಯೂಟರ್ ಪ್ರಶ್ನಿಸದೆ ನಂಬುತ್ತದೆ. ಸರ್ಕಾರಿ ಪೋರ್ಟಲಿನ ಸಹಿ ಉಪಕರಣಕ್ಕೆ ಇಂಥ ಅಗತ್ಯ ಬಿದ್ದರೆ ಆ ಇಲಾಖೆಯ ಅಧಿಕೃತ ಕೈಪಿಡಿಯಲ್ಲಿ ಹಾಗೆ ಬರೆದಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಮುಂದುವರಿಯಿರಿ. ಫೋನಿನಲ್ಲಿ ಯಾರೋ ಹೇಳಿದರೆಂದು ಮಾಡಬೇಡಿ.

ಸಹಿಯೇ ಇಲ್ಲದಿದ್ದರೆ

ಸಹಿ ಇಲ್ಲದ್ದೆಲ್ಲ ವಿಷವಲ್ಲ. ಪ್ರಮಾಣಪತ್ರಕ್ಕೆ ಪ್ರತಿವರ್ಷ ದುಡ್ಡು ಬೇಕು. 2023ರ ಜೂನ್ 1ರಿಂದ ಖಾಸಗಿ ಕೀಲಿಯನ್ನು ಟೋಕನ್ನಿನಂಥ ಸುರಕ್ಷಿತ ಯಂತ್ರಾಂಶದಲ್ಲೇ ಇಡಬೇಕೆಂಬ ನಿಯಮವೂ ಬಂದಿದೆ. ಹವ್ಯಾಸಕ್ಕಾಗಿ, ಸೇವೆಗಾಗಿ ಸಣ್ಣ ಉಪಕರಣಗಳನ್ನು ಬರೆದು ಉಚಿತವಾಗಿ ಹಂಚುವವರಿಗೆ ಇದು ಭಾರ. ವಿಂಡೋಸಿನ ಸ್ವಂತ ಫೈಲುಗಳಲ್ಲಿಯೂ ಹಲವಕ್ಕೆ ಈ ಟ್ಯಾಬ್ ಇರುವುದಿಲ್ಲ, ಏಕೆಂದರೆ ಅವುಗಳ ಸಹಿ ಕ್ಯಾಟಲಾಗ್ ಎಂಬ ಪ್ರತ್ಯೇಕ ಫೈಲಿನಲ್ಲಿರುತ್ತದೆ. ಆದರೆ ದೊಡ್ಡ ಕಂಪನಿಯ, ಬ್ಯಾಂಕಿನ, ತೆರಿಗೆಯ ಸಾಫ್ಟ್‌ವೇರ್ ಎಂದು ಹೇಳಿಕೊಂಡು ಬಂದ ಇನ್‌ಸ್ಟಾಲರಿಗೆ ಸಹಿ ಇಲ್ಲದಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ.

ಸಣ್ಣ ಉಪಕರಣಗಳ ವಿಷಯದಲ್ಲಿ ತಯಾರಕರು ತಮ್ಮ ತಾಣದಲ್ಲಿ ಶಾ-256 ಹ್ಯಾಶನ್ನು ಪ್ರಕಟಿಸಿದ್ದಾರೆಯೇ ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶಕ್ಕೆ ಹ್ಯಾಶ್‌ಫೈಲ್ ಎಂಬ ಆಯ್ಕೆ, ಫೈಲಿನ ಹೆಸರು, ಕೊನೆಗೆ ಶಾ256 ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ 64 ಅಕ್ಷರಗಳ ಸಾಲು ಬರುತ್ತದೆ. ಅದನ್ನು ತಾಳೆ ನೋಡಿ. ಹ್ಯಾಶಿಗೂ ಮಿತಿಯಿದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮಿನ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ ಕೆಡಿಸಿದ ಫೈಲನ್ನು ಹಂಚಿದರು. ಪುಟವೇ ದುಷ್ಕರ್ಮಿಗಳ ಕೈಸೇರಿದಾಗ ಅಲ್ಲಿ ಬರೆದಿರುವ ಹ್ಯಾಶನ್ನು ಬದಲಿಸುವುದೂ ಅವರಿಗೆ ಕಷ್ಟವಲ್ಲ. ಜೊತೆಗೆ ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣದಲ್ಲಿ ಆ 64 ಅಕ್ಷರಗಳನ್ನು ಹುಡುಕಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಮ್ಮೆಗೇ ಸಿಗುತ್ತದೆ. ಕಕ್ಷಿದಾರರ ದಾಖಲೆಗಳಿರುವ ಫೈಲುಗಳನ್ನು ಮಾತ್ರ ಅಲ್ಲಿಗೆ ಏರಿಸಬೇಡಿ, ಏರಿಸಿದ್ದು ಬೇರೆಯವರಿಗೂ ಸಿಗುತ್ತದೆ.

ಕೊನೆಯ ಬಾಗಿಲು: ನೀಲಿ ಮತ್ತು ಹಳದಿ

ಇನ್‌ಸ್ಟಾಲ್ ಶುರುವಾದಾಗ ಪರದೆ ಮಬ್ಬಾಗಿ, ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಅನುಮತಿ ಕೇಳುವ ಚೌಕ ಬರುತ್ತದೆ. ಸಹಿ ಊರ್ಜಿತವಾಗಿದ್ದರೆ ಆ ಚೌಕದ ಮೇಲುಭಾಗದ ಬಣ್ಣ ನೀಲಿ, 'ವೆರಿಫೈಡ್ ಪಬ್ಲಿಷರ್' ಎಂಬಲ್ಲಿ ಹೆಸರು. ಇಲ್ಲದಿದ್ದರೆ ಹಳದಿ, ಪ್ರಕಾಶಕರು 'ಅನ್‌ನೋನ್'. "ಸರ್, ಹಳದಿ ಬಂತು, ಯೆಸ್ ಕೊಡುವುದಾ?" ಎಂದು ಕಚೇರಿಯ ಹುಡುಗರು ಕೇಳಿದರೆ ಅದು ಬಹಳ ಒಳ್ಳೆಯ ಪ್ರಶ್ನೆ, ಕೆಲಸ ನಿಲ್ಲಿಸಿ ಉತ್ತರಿಸಬೇಕಾದ ಪ್ರಶ್ನೆ. ನೀಲಿಯಾದರೂ ಹೆಸರನ್ನು ಓದುವ ಅಭ್ಯಾಸವನ್ನು ಸಿಬ್ಬಂದಿಗೆ ಮಾಡಿಸಿ. ಈ ಚೌಕ ಬರಲೇ ಇಲ್ಲ, ಹಾಗಾಗಿ ಅಪಾಯವಿಲ್ಲ ಎಂದುಕೊಳ್ಳುವುದೂ ಸರಿಯಲ್ಲ: ಅನೇಕ ಕುತಂತ್ರಾಂಶಗಳು ಬಳಕೆದಾರರ ಸ್ವಂತ ಫೋಲ್ಡರಿನಲ್ಲೇ ನೆಲೆಯೂರುತ್ತವೆ, ಅದಕ್ಕೆ ಆಡಳಿತಾಧಿಕಾರದ ಅನುಮತಿ ಬೇಡ.

ಹತ್ತಿಪ್ಪತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಪವರ್‌ಶೆಲ್ಲಿನ (ಆದೇಶಗಳನ್ನು ಟೈಪಿಸುವ ವಿಂಡೋಸಿನ ಕಿಟಕಿ) ಗೆಟ್-ಆಥೆಂಟಿಕೋಡ್‌ಸಿಗ್ನೇಚರ್ ಆದೇಶವನ್ನು ಕಲಿತುಕೊಳ್ಳುವುದು ಒಳ್ಳೆಯದು. ಒಂದು ಫೋಲ್ಡರಿನ ಎಲ್ಲ ಫೈಲುಗಳಿಗೂ ಒಟ್ಟಿಗೆ ವ್ಯಾಲಿಡ್, ನಾಟ್‌ಸೈನ್ಡ್, ಹ್ಯಾಶ್‌ಮಿಸ್‌ಮ್ಯಾಚ್ ಎಂದು ಫಲಿತಾಂಶ ಬರುತ್ತದೆ. ಜಿಪ್ಪಿನಲ್ಲಿ ಬಂದ ಸಾಫ್ಟ್‌ವೇರಿಗೆ ಇದು ಹೆಚ್ಚು ಉಪಯುಕ್ತ, ಏಕೆಂದರೆ ಒಳ್ಳೆಯ ಸಹಿಯಿರುವ ಇಎಕ್ಸ್‌ಇ ಫೈಲಿನ ಪಕ್ಕದಲ್ಲಿ ಸಹಿಯಿಲ್ಲದ ದುಷ್ಟ ಡಿಎಲ್‌ಎಲ್ ಒಂದನ್ನಿಟ್ಟು, ಮೊದಲನೆಯದರ ಕೈಯಿಂದಲೇ ಎರಡನೆಯದನ್ನು ಚಾಲನೆ ಮಾಡಿಸುವ ತಂತ್ರ ಈಗ ಬಹಳ ಬಳಕೆಯಲ್ಲಿದೆ.

ಎಲ್ಲ ಸರಿಯಿದ್ದೂ ಅಪಾಯವಿರುವ ಸಂದರ್ಭಗಳು

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ತನ್ನ ಡ್ರೈವರುಗಳಿಗೆ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಕದ್ದ ಕೀಲಿಗಳಿಂದ ಸಹಿ ಹಾಕಿಸಿಕೊಂಡಿತ್ತು. 2017ರಲ್ಲಿ ಕಂಪ್ಯೂಟರಿನ ಬೇಡದ ಫೈಲುಗಳನ್ನು ತೆಗೆಯುವ ಸಿಕ್ಲೀನರಿನ 5.33ನೆಯ ಆವೃತ್ತಿಯೊಳಗೆ, ಪಿರಿಫಾರ್ಮ್ ಕಂಪನಿ ಸಹಿ ಹಾಕುವ ಮೊದಲೇ, ಕುತಂತ್ರಾಂಶ ಸೇರಿಹೋಗಿತ್ತು. ಅಸಲಿ ಸಹಿಯೊಂದಿಗೆ ಅದು ಲಕ್ಷಾಂತರ ಕಂಪ್ಯೂಟರುಗಳನ್ನು ತಲುಪಿತು. ಇಂಥವನ್ನು ಸಹಿ ನೋಡಿ ಹಿಡಿಯಲಾಗದು. ತೀರಾ ಹೊಸ ಆವೃತ್ತಿಯನ್ನು ಬಿಡುಗಡೆಯಾದ ದಿನವೇ ಹಾಕಿಕೊಳ್ಳದೆ ಕೆಲವು ದಿನ ಕಾಯುವುದು ಕಚೇರಿಯ ಮಟ್ಟಿಗೆ ಸಾಧ್ಯವಿರುವ ಒಂದು ಕಾಪು, ಭದ್ರತಾ ದೋಷ ಸರಿಪಡಿಸುವ ಅಪ್‌ಡೇಟುಗಳ ಹೊರತು.

ಇದಕ್ಕಿಂತ ನಮಗೆ ಹತ್ತಿರದ ಅಪಾಯ ಇನ್ನೊಂದಿದೆ. ಬ್ಯಾಂಕಿನವರೆಂದು ಕರೆ ಮಾಡುವ ವಂಚಕರು ಎನಿಡೆಸ್ಕಿನಂಥ ದೂರನಿಯಂತ್ರಣದ ಸಾಫ್ಟ್‌ವೇರನ್ನು ಹಾಕಿಸುತ್ತಾರೆ. ಈ ಬಗೆಯ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಅಲ್ಲಿ ಸಾಫ್ಟ್‌ವೇರ್ ಅಸಲಿ, ಸಹಿ ಅಸಲಿ, ಚೌಕ ನೀಲಿ. ಕರೆ ಮಾಡಿದವರು ಮಾತ್ರ ನಕಲಿ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಮೊಬೈಲಿನ ಎಪಿಕೆ ಫೈಲುಗಳಿಗೆ ಮೇಲಿನ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಪ್ರತಿ ಎಪಿಕೆಗೂ ಸಹಿ ಇರುತ್ತದೆ, ಆದರೆ ಆ ಪ್ರಮಾಣಪತ್ರವನ್ನು ತಯಾರಿಸಿದವರೇ ತಮಗೆ ತಾವೇ ಬರೆದುಕೊಂಡಿರುತ್ತಾರೆ. ಮುಂದಿನ ಅಪ್‌ಡೇಟೂ ಅದೇ ಕೀಲಿಯವರಿಂದ ಬಂದಿದೆ ಎಂಬುದನ್ನಷ್ಟೇ ಅದು ಖಚಿತಪಡಿಸುತ್ತದೆ, ಅವರು ಯಾರೆಂಬುದನ್ನಲ್ಲ. ಆದ್ದರಿಂದ ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕಾಗದವೆಂದೋ ಟ್ರಾಫಿಕ್ ದಂಡದ ರಸೀದಿಯೆಂದೋ ಬರುವ ಎಪಿಕೆಯನ್ನು ಪರಿಶೀಲಿಸುವ ಗೋಜಿಗೆ ಹೋಗದೆ ಅಳಿಸಿಬಿಡಿ.

ಅನುಮಾನದ ಫೈಲನ್ನು ಈಗಾಗಲೇ ಚಾಲನೆ ಮಾಡಿಬಿಟ್ಟಿದ್ದರೆ ಮೊದಲು ಡಿಎಸ್‌ಸಿ ಟೋಕನನ್ನು ಕಿತ್ತು ಪಕ್ಕಕ್ಕಿಡಿ, ಬಳಿಕ ನೆಟ್‌ವರ್ಕ್ ಕೇಬಲ್ ತೆಗೆದು ವೈಫೈ ಆಫ್ ಮಾಡಿ. ಬ್ಯಾಂಕಿನ ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ, ಟೋಕನ್ನಿನ ಪಾಸ್‌ವರ್ಡನ್ನೂ ಬದಲಿಸಿ. ದುರ್ಬಳಕೆಯ ಸುಳಿವು ಸಿಕ್ಕರೆ ಡಿಎಸ್‌ಸಿ ಕೊಟ್ಟ ಸಂಸ್ಥೆಗೆ ತಿಳಿಸಿ ಅದನ್ನು ರದ್ದುಪಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ಮಂಗಳೂರಿನ ಅಥವಾ ಉಡುಪಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಆ ಫೈಲನ್ನು ಮಾತ್ರ ಆಗ ಅಳಿಸಬೇಡಿ. ಅದರಲ್ಲಿ ಸಹಿ ಇದ್ದರೆ ಅದರ ಹೆಸರು ಮತ್ತು ಸಮಯಮುದ್ರೆ ತನಿಖೆಗೆ ಬೇಕಾಗುತ್ತವೆ.